ಮೂರು ಚುಕ್ಕಿಗಳ ಮುಂದೆ ನಿಂತ ಮೇಷ್ಟ್ರು

ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿರುವ ವಿದ್ಯಾರ್ಥಿ ಮಿತ್ರರೇ,

ಇನ್ನು ಮುಂದೆ ಪ್ರತಿ ಶನಿವಾರ ಮಧ್ಯಾಹ್ನ ಈ ಕಾಲೇಜಿನ ಅಧ್ಯಾಪಕರೊಬ್ಬರು ತಾವು ಮನೆಯಲ್ಲಿ ಕೂತು ಏನು ಓದುತ್ತಿದ್ದಾರೆ, ಯಾವುದರ ಬೆನ್ನು ಹತ್ತಿದ್ದಾರೆ ಎಂಬುದನ್ನು ಉಳಿದವರ ಮುಂದೆ ಇಡುತ್ತಾರಂತೆ. ಪಠ್ಯಕ್ಕೆ ಸಂಬಂಧಿಸಿರಬೇಕೆಂಬ ನಿಯಮವಿಲ್ಲ, ಹಾಜರಿ ಇಲ್ಲ, ಪ್ರಮಾಣಪತ್ರವೂ ಇಲ್ಲ. ಪ್ರಾಂಶುಪಾಲರು ಫೋನಿನಲ್ಲಿ ಇದನ್ನು ಹೇಳಿದಾಗ ನಾನು ತಾರೀಖನ್ನೂ ಕೇಳದೆ ಬರುತ್ತೇನೆ ಎಂದುಬಿಟ್ಟೆ. ಮೂವತ್ತನಾಲ್ಕು ವರ್ಷ ಪದವಿ ತರಗತಿಗಳಲ್ಲಿ ಕನ್ನಡ ಪಾಠ ಮಾಡಿದವನು ನಾನು. ಇಂಥದೊಂದು ಶನಿವಾರಕ್ಕಾಗಿ ಅಷ್ಟೂ ವರ್ಷ ಕಾದಿದ್ದೆ.

ಚೀಟಿಯಲ್ಲಿ ಐದು ಅಂಶಗಳನ್ನು ಬರೆದುಕೊಂಡು ಬಂದಿದ್ದೇನೆ. ಐದನ್ನೂ ಒಟ್ಟಿಗೆ ಹಿಂಡಿದರೆ ಉಳಿಯುವುದು ಇಷ್ಟು: ಮೇಷ್ಟ್ರು ಹುಡುಕುತ್ತಿರಬೇಕು, ಅವರು ಹುಡುಕುವುದು ಹುಡುಗರಿಗೆ ಕಾಣಬೇಕು. ಮೊದಲನೆಯದನ್ನು ಎಲ್ಲರೂ ಒಪ್ಪುತ್ತಾರೆ. ಎರಡನೆಯದರ ಮಾತನ್ನು ಯಾರೂ ಎತ್ತುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿಯೇ.

ಸೆಪ್ಟೆಂಬರ್ 5 ಬಂತೆಂದರೆ ಮೈಸೂರಿನ ಸಾರೋಟಿನ ಕಥೆಯನ್ನು ಎಲ್ಲ ವೇದಿಕೆಗಳಲ್ಲೂ ಹೇಳುತ್ತೇವೆ. 1921ರಲ್ಲಿ ರಾಧಾಕೃಷ್ಣನ್ ಮಹಾರಾಜಾ ಕಾಲೇಜನ್ನು ಬಿಟ್ಟು ಕಲ್ಕತ್ತೆಗೆ ಹೊರಟಾಗ ಹುಡುಗರು ಹೂವಿನಿಂದ ಅಲಂಕರಿಸಿದ ಸಾರೋಟಿನ ಕುದುರೆಗಳನ್ನು ಬಿಚ್ಚಿ, ತಾವೇ ಅದನ್ನು ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಬಹಳ ಚೆಂದದ ಕಥೆ. ಆದರೆ ಅದಕ್ಕೆ ಹಿಂದಿನ ಮೂರು ವರ್ಷ ಅವರು ಏನು ಮಾಡುತ್ತಿದ್ದರು ಎಂದು ನಾವು ಕೇಳುವುದಿಲ್ಲ. 1918ರಲ್ಲಿ ಮೈಸೂರಿಗೆ ಬಂದಾಗ ಅವರಿಗೆ ಮೂವತ್ತು ವರ್ಷ. ಟಾಗೋರರ ತತ್ತ್ವಚಿಂತನೆಯನ್ನು ಕುರಿತ ಪುಸ್ತಕ ಅದೇ ವರ್ಷ ಹೊರಬಂತು. ಸಮಕಾಲೀನ ದರ್ಶನದಲ್ಲಿ ಧರ್ಮದ ಪ್ರಭಾವವನ್ನು ಪರಿಶೀಲಿಸಿದ ಪುಸ್ತಕ 1920ರಲ್ಲಿ ಬಂತು. ಸಾರೋಟನ್ನು ಎಳೆದ ಹುಡುಗರು ಈ ಎರಡು ಪುಸ್ತಕಗಳ ನಡುವಿನ ಕಾಲದಲ್ಲಿ ಅವರ ಎದುರು ಕೂತಿದ್ದವರು. ಮೇಷ್ಟ್ರ ತಲೆಯೊಳಗೆ ಏನೋ ಕುದಿಯುತ್ತಿದೆ ಎಂಬುದು ಬೆಂಚಿನವರೆಗೂ ತಲುಪುತ್ತದೆ. ಅದರ ಕಾವು ತಟ್ಟದ ತರಗತಿಯ ಹುಡುಗರು ಹೆಗಲು ಕೊಡುವುದಿಲ್ಲ.

ಅದೇ ಕಾಲೇಜಿನಲ್ಲಿ ಸಂಸ್ಕೃತ ಪಾಠ ಮಾಡುತ್ತಿದ್ದ ಎಂ. ಹಿರಿಯಣ್ಣನವರಿಗೆ ಸಾರೋಟಿನ ಕಥೆ ಇಲ್ಲ. ಅವರು 1927ರಲ್ಲಿ ನಿವೃತ್ತರಾದರು. ಭಾರತೀಯ ದರ್ಶನಗಳ ರೂಪರೇಖೆಯನ್ನು ಕೊಡುವ ಅವರ ಇಂಗ್ಲಿಷ್ ಪುಸ್ತಕ 1932ರಲ್ಲಿ ಲಂಡನ್ನಿನಿಂದ ಹೊರಬಂತು. ಇವತ್ತಿಗೂ ದರ್ಶನಶಾಸ್ತ್ರ ಓದಲು ಹೊರಟವರ ಕೈಗೆ ಮೊದಲು ಕೊಡುವ ಪುಸ್ತಕಗಳಲ್ಲಿ ಅದೂ ಒಂದು. ಅದರ ಮೂಲ ಯಾವುದು ಗೊತ್ತೇ? ವರ್ಷಗಟ್ಟಲೆ ಮೈಸೂರಿನ ಹುಡುಗರಿಗೆ ಮಾಡಿದ ಪಾಠ. ಪಾಠ ಬೇರೆ, ಸಂಶೋಧನೆ ಬೇರೆ ಎಂದು ವಾದಿಸುವವರು ಸಿಕ್ಕಾಗಲೆಲ್ಲ ನಾನು ಆ ಪುಸ್ತಕವನ್ನು ಅವರ ಕೈಗಿಡುತ್ತೇನೆ.

ಬೆಂಗಳೂರಿಗೆ ಬಂದರೆ ಸೆಂಟ್ರಲ್ ಕಾಲೇಜು. ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರೊಡನೆ ಸೇರಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಅದು ಹೆಚ್ಚು ಕಾಲ ನಡೆಯಲಿಲ್ಲ. ಅದೇ ಭೌತಶಾಸ್ತ್ರದ ಮೇಷ್ಟ್ರು ಸಾಹಿತ್ಯ ಪರಿಷತ್ತಿಗಾಗಿ ಪಂಪಭಾರತದ ಸಂಪಾದನೆಯನ್ನೂ ಮಾಡಿದರು. ಕನ್ನಡ ಎಂ.ಎ. ಮಾಡಿದ ನಾವು ಪಂಪನನ್ನು ಓದಿದ್ದು ಭೌತಶಾಸ್ತ್ರದ ಮೇಷ್ಟ್ರೊಬ್ಬರು ಹಾಕಿಕೊಟ್ಟ ದಾರಿಯಲ್ಲಿ. ಇಲ್ಲಿ ಮುಂದಿನ ಸಾಲಿನಲ್ಲಿ ಭೌತಶಾಸ್ತ್ರ ವಿಭಾಗದವರು ನಗುತ್ತಿದ್ದಾರೆ. ನಗಬೇಕಾದ್ದೇ, ಅದು ನಿಮ್ಮ ಮನೆತನದ ಆಸ್ತಿ.

ಈಗ ನನ್ನ ಮೇಷ್ಟ್ರ ಕಥೆ. ಇದನ್ನು ನನ್ನ ವಿದ್ಯಾರ್ಥಿಗಳು ಹಲವು ಸಲ ಕೇಳಿದ್ದಾರೆ. ಹಿಂದೆ ಕೂತಿರುವ ಇಬ್ಬರು ಆಗಲೇ ಪರಸ್ಪರ ಮುಖ ನೋಡಿಕೊಂಡರು.

ನಾನು ಪದವಿ ಓದಿದ್ದು ಒಂದು ತಾಲ್ಲೂಕು ಕೇಂದ್ರದ ಸಣ್ಣ ಕಾಲೇಜಿನಲ್ಲಿ. ನಮ್ಮ ಗಣಿತದ ಮೇಷ್ಟ್ರಿಗೆ ಶಾಸನದ ಹುಚ್ಚು. ಭಾನುವಾರ ಬಂತೆಂದರೆ ಒಂದು ಬಕೆಟ್ಟು, ತೆಂಗಿನ ನಾರಿನ ಕುಂಚ, ಸುತ್ತಿದ ಕಾಗದ, ಮಸಿಯ ಡಬ್ಬಿ ಇಷ್ಟನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಹೊರಡುವರು. ಯಾವ ತರಗತಿಯವರಾದರೂ ಸರಿ, ಬಂದವರೆಲ್ಲ ಹಿಂದೆ ಹೋಗಬಹುದು. ಕಲಾ ವಿಭಾಗದವನಾದ ನಾನು ಬಕೆಟ್ಟು ಹೊರುವ ಕೆಲಸಕ್ಕೆ ಸೇರಿಕೊಂಡೆ.

ಒಂದು ಕೆರೆಯ ಏರಿಯ ಕೆಳಗೆ ವೀರಗಲ್ಲೊಂದು ಬೆನ್ನಮೇಲೆ ಬಿದ್ದಿತ್ತು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ಪಟ್ಟಿಗಳ ನಡುವೆ ಎರಡೆರಡು ಸಾಲು ಅಕ್ಷರ. ಊರಿನವರು ಎಷ್ಟೋ ತಲೆಮಾರಿನಿಂದ ಎಣ್ಣೆ ಹಾಕಿ ಪೂಜೆ ಮಾಡಿದ್ದರಿಂದ ಅಕ್ಷರದ ಗೀರುಗಳಲ್ಲಿ ಜಿಡ್ಡು ಗಟ್ಟಿಯಾಗಿ ಕೂತಿತ್ತು. ನಾವು ನೀರು ಸುರಿದು ಉಜ್ಜತೊಡಗಿದಾಗ ಅಜ್ಜಿಯೊಬ್ಬಳು ಎಮ್ಮೆಯನ್ನು ಅಲ್ಲೇ ಬಿಟ್ಟು ಓಡಿ ಬಂದಳು.

“ಏನಪ್ಪಾ, ಇಷ್ಟು ಹುಡುಗರನ್ನು ಕಟ್ಟಿಕೊಂಡು ನಿಧಿ ಅಗೆಯಲು ಬಂದಿದ್ದೀಯಾ?”

“ಇಲ್ಲ ತಾಯಿ, ಈ ವೀರಣ್ಣ ಯಾಕೆ ಸತ್ತ ಎಂದು ಇಲ್ಲಿ ಬರೆದಿದ್ದಾರೆ. ಓದಿ ನಿಮಗೂ ಹೇಳಿ ಹೋಗುತ್ತೇವೆ.”

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದಳು. ತೊಳೆದಾದ ಮೇಲೆ ಅರಿಸಿನ ಕುಂಕುಮ ಇಟ್ಟು ಹೋಗಬೇಕು ಎಂದು ಕರಾರು ಹಾಕಿದಳು. ಮೇಷ್ಟ್ರು ಒಪ್ಪಿದರು.

ಪಡಿಯಚ್ಚು ತೆಗೆಯುವುದನ್ನು ನೋಡದವರಿಗಾಗಿ ಹೇಳುತ್ತೇನೆ. ಕಲ್ಲನ್ನು ಚೆನ್ನಾಗಿ ತೊಳೆದು, ಒದ್ದೆಯಾದ ಕಾಗದವನ್ನು ಅದರ ಮೇಲೆ ಹಾಸಿ, ಒತ್ತು ಕೂದಲಿನ ಕುಂಚದಿಂದ ಮೆಲ್ಲಗೆ ಬಡಿಯಬೇಕು. ಕಾಗದ ಅಕ್ಷರದ ಗೀರಿನೊಳಕ್ಕೆ ಇಳಿಯುತ್ತದೆ. ಅವಸರ ಮಾಡಿದರೆ ಹರಿಯುತ್ತದೆ. ಅರ್ಧ ಆರಿದ ಮೇಲೆ ಬಟ್ಟೆಯ ಉಂಡೆಯಲ್ಲಿ ಮಸಿ ಅದ್ದಿ ಮೇಲೆ ಮೇಲೆ ಒತ್ತುತ್ತಾ ಹೋದರೆ ಉಬ್ಬಿದ ಜಾಗವೆಲ್ಲ ಕಪ್ಪಾಗುತ್ತದೆ, ಇಳಿದ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಸಾವಿರ ವರ್ಷದ ಹಿಂದಿನ ‘ಸ್ವಸ್ತಿ’ ಎಂಬ ಪದ ಕಾಗದದ ಮೇಲೆ ಬೆಳ್ಳಗೆ ಎದ್ದು ಬಂದದ್ದನ್ನು ನಾನು ಅವತ್ತು ನೋಡಿದೆ. ಹತ್ತೊಂಬತ್ತು ವರ್ಷದ ಹುಡುಗನಿಗೆ ಬೇರೆ ಪವಾಡ ಬೇಕಿರಲಿಲ್ಲ.

ಆದರೆ ಮುಖ್ಯವಾದ ಜಾಗದಲ್ಲಿಯೇ ಅಚ್ಚು ಕೈಕೊಟ್ಟಿತು. ಹೆಸರು ಸಿಕ್ಕಿತು, ಕೊನೆಗೆ ‘ಕಾದಿ ಸತ್ತಂ’ ಎಂಬುದೂ ಸಿಕ್ಕಿತು. ನಡುವೆ, ಯಾವುದರಲ್ಲಿ ಕಾದಿ ಸತ್ತ ಎಂಬ ಪದದ ಜಾಗದಲ್ಲಿ ಕಲ್ಲು ಸವೆದಿತ್ತು. ಸೋಮವಾರ ಗಣಿತದ ತರಗತಿಗೆ ನಾವೂ ನುಗ್ಗಿ ಕೂತೆವು. ಮೇಷ್ಟ್ರು ಆ ಸಾಲನ್ನು ಹಲಗೆಯ ಮೇಲೆ ಬರೆದು ನಡುವೆ ಮೂರು ಚುಕ್ಕಿ ಇಟ್ಟರು. “ಊರನ್ನು ಹಾಳುಗೆಡವಲು ಬಂದವರೊಡನೆ ಕಾದಿ ಸತ್ತಿರಬಹುದು, ಅದು ಊರಳಿವು. ಹೆಂಗಸರ ಮಾನ ಉಳಿಸಲು ಹೋಗಿ ಸತ್ತಿರಬಹುದು, ಅದು ಪೆಣ್ಬುಯ್ಯಲ್. ಹಸುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತಿರಬಹುದು, ಅದು ತುಱುಗೊಳ್. ಯಾವುದೆಂದು ನನಗೆ ಗೊತ್ತಿಲ್ಲ” ಎಂದರು. ಮುಂದಿನ ಬೆಂಚಿನ ಹುಡುಗ, “ಸರ್, ಹೆಚ್ಚು ಕಡೆ ಇರುವುದು ತುಱುಗೊಳ್ ತಾನೇ, ಅದನ್ನೇ ಬರೆದುಬಿಡಿ” ಎಂದ. ಮೇಷ್ಟ್ರು ಸುಣ್ಣದ ಕಡ್ಡಿಯನ್ನು ಕೆಳಗಿಟ್ಟು, “ಊಹೆ ಮಾಡೋಣ, ಆದರೆ ಚುಕ್ಕಿಯನ್ನು ಅಳಿಸುವುದು ಬೇಡ” ಎಂದರು.

ಒಬ್ಬ ಮೇಷ್ಟ್ರು ನನಗೆ ಗೊತ್ತಿಲ್ಲ ಎಂದು ಹಲಗೆಯ ಮುಂದೆ ನಿಂತು ಹೇಳಿದ್ದನ್ನು ನಾವು ಅಲ್ಲಿಯವರೆಗೆ ಕೇಳಿರಲಿಲ್ಲ. ಆ ಮೂರು ಚುಕ್ಕಿಗಳನ್ನು ಅವರು ಎರಡು ವಾರ ಹಲಗೆಯ ಮೂಲೆಯಲ್ಲಿ ಉಳಿಸಿದರು. ಬೇರೆ ಮೇಷ್ಟ್ರುಗಳೂ ಅದನ್ನು ಒರೆಸದೆ ಬಿಟ್ಟರು.

ಎರಡು ವಾರ ಕಳೆದ ಮೇಲೆ ಅವರು ಆ ಚುಕ್ಕಿಗಳ ಪಕ್ಕದಲ್ಲಿಯೇ ತ್ರಿಕೋಣಮಿತಿ ಶುರು ಮಾಡಿದರು. ಗೀರಿನ ಆಳ ಎರಡು ಮಿಲಿಮೀಟರ್ ಎಂದು ಇಟ್ಟುಕೊಳ್ಳಿ. ಕಲ್ಲು ಅಂಗಾತ ಬಿದ್ದಿದೆ. ಸೂರ್ಯ ನೆತ್ತಿಯ ಮೇಲಿದ್ದರೆ ನೆರಳೇ ಇಲ್ಲ. ನಲವತ್ತೈದು ಡಿಗ್ರಿಯಲ್ಲಿದ್ದರೆ ಅಂಚಿನ ನೆರಳು ಎರಡು ಮಿಲಿಮೀಟರ್. ಹತ್ತು ಡಿಗ್ರಿಗೆ ಇಳಿದರೆ? ಕೋಷ್ಟಕ ತೆಗೆದು ಲೆಕ್ಕ ಹಾಕಿದೆವು: ಹನ್ನೊಂದು ಮಿಲಿಮೀಟರಿಗೂ ಮಿಕ್ಕಿತು. ಅಂದರೆ ಸವೆದ ಗೀರಿನ ತುಂಬ ಕತ್ತಲು ತುಂಬಿಕೊಳ್ಳುತ್ತದೆ. ಸೂರ್ಯ ಗಂಟೆಗೆ ಸುಮಾರು ಹದಿನೈದು ಡಿಗ್ರಿ ಸರಿಯುತ್ತಾನೆ. ಆದ್ದರಿಂದ ನಾವು ಕಲ್ಲಿನ ಹತ್ತಿರ ಇರಬೇಕಾದದ್ದು ಸೂರ್ಯ ಮುಳುಗುವುದಕ್ಕೆ ಮುಕ್ಕಾಲು ಗಂಟೆ ಮೊದಲು. “ಭಾನುವಾರ ಬೆಳಗ್ಗೆ ಹೋಗಿದ್ದೇ ನಮ್ಮ ತಪ್ಪು, ನಡೆಯಿರಿ” ಎಂದರು.

ಅವತ್ತು ಸಂಜೆ ಹದಿನಾಲ್ಕು ಮಂದಿ ಕೆರೆಯ ಏರಿಯ ಕೆಳಗೆ ಉಸಿರು ಬಿಗಿಹಿಡಿದು ಕೂತಿದ್ದೆವು. ಅಡ್ಡಬಿಸಿಲು ಕಲ್ಲನ್ನು ಸವರಿಕೊಂಡು ಬಂದಂತೆ ಮೊದಲು ‘ತು’ ಎದ್ದಿತು, ಆಮೇಲೆ ದೊಡ್ಡ ಱಕಾರ. ಮೇಷ್ಟ್ರು ಓದಲಿಲ್ಲ, ನಾವು ಓದಲಿ ಎಂದು ಸುಮ್ಮನಿದ್ದರು. ‘ತುಱುಗೊಳೊಳ್’ ಎಂದು ಕೂಗಿದವನು ಮುಂದಿನ ಬೆಂಚಿನ ಅದೇ ಹುಡುಗ. ಅವನ ಊಹೆಯೇ ನಿಜವಾಗಿತ್ತು. ಆದರೂ ಎರಡು ವಾರ ಕಾದದ್ದು ದಂಡವಾಯಿತೆಂದು ಅವನಿಗೂ ಅನ್ನಿಸಲಿಲ್ಲ. ಅಜ್ಜಿಗೆ ಹೇಳಿದೆವು: ಅವನು ದನಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತನಂತೆ. ಅಜ್ಜಿ ತನ್ನ ಎಮ್ಮೆಯ ಬೆನ್ನು ಸವರುತ್ತಾ, “ನಮ್ಮವನೇ ಹಾಗಾದರೆ” ಎಂದಳು.

ನಾನು ಕನ್ನಡ ಎಂ.ಎ.ಗೆ ಹೋದದ್ದು ಆ ಗಣಿತದ ಮೇಷ್ಟ್ರಿಂದ. ಮುಂದಿನ ಬೆಂಚಿನ ಹುಡುಗ ಗಣಿತಕ್ಕೇ ಹೋದ, ಅವನೂ ಅವರಿಂದಲೇ. ಮೇಷ್ಟ್ರು ಹುಡುಕುವುದು ಹುಡುಗರಿಗೆ ಕಾಣಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣ ಇದು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಹತ್ತು ನಿಮಿಷವಂತೆ. ನನ್ನ ಚೀಟಿಯಲ್ಲಿ ಇನ್ನೂ ಮೂರು ಅಂಶ ಉಳಿದಿದೆ.

ಕೆಲಸದ ಹೊರೆ. ಯುಜಿಸಿಯ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಗಳ ಬೋಧನೆ. ಅದರ ಮೇಲೆ ಮೌಲ್ಯಮಾಪನ, ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ಸಂಸ್ಥೆಯ ಕಡತ, ದಾಖಲಾತಿ, ಚುನಾವಣೆ ಕೆಲಸ. ಅತಿಥಿ ಉಪನ್ಯಾಸಕರ ಪಾಡು ಇನ್ನೂ ಕಷ್ಟ, ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ಯಾವ ವೀರಗಲ್ಲು? ಈ ದೂರು ನ್ಯಾಯವಾದದ್ದು, ಇದನ್ನು ಮೇಲಿನವರಿಗೆ ಮುಟ್ಟಿಸಲೇಬೇಕು. ಆದರೆ ಅಂಕಕ್ಕಾಗಿ, ಬಡ್ತಿಗಾಗಿ ವರ್ಷಕ್ಕೆರಡು ಲೇಖನ ಅಚ್ಚು ಹಾಕಿಸುವುದನ್ನು ಸಂಶೋಧನೆ ಎಂದು ಕರೆಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಅದರಲ್ಲಿ ಚುಕ್ಕಿಗಳೇ ಇರುವುದಿಲ್ಲ.

ಇನ್ನೊಂದು, ವಿಷಯದ ಬೇಲಿ. ಬಿ.ಜಿ.ಎಲ್. ಸ್ವಾಮಿಯವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು, ಪ್ರಾಂಶುಪಾಲರು. ಹುಡುಗರನ್ನು ಕಟ್ಟಿಕೊಂಡು ಕಾಡು ಸುತ್ತಿದ ಅನುಭವವನ್ನು ಕನ್ನಡದಲ್ಲಿ ಬರೆದರು, ‘ಹಸುರು ಹೊನ್ನು’ವಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡ ಗುರುತಿಸಲು ಹೊರಟ ಹುಡುಗರ ಹಸಿವು, ಜಗಳ, ತಮಾಷೆ ಎಲ್ಲವೂ ಅದರಲ್ಲಿವೆ. ಅವರ ಬಗ್ಗೆ ಒಂದು ಗಂಟೆ ಮಾತಾಡಬೇಕೆಂದಿದ್ದೆ. ಮುಂದೊಂದು ಶನಿವಾರ ಸಸ್ಯಶಾಸ್ತ್ರ ವಿಭಾಗದವರು ಆ ಕೆಲಸ ಮಾಡಲಿ.

ಕೊನೆಯದು. ಈಗ ಲಿಬರಲ್ ಆರ್ಟ್ಸ್ ಎಂಬ ಹೆಸರಿನಲ್ಲಿ ಖಾಸಗಿ ವಿಶ್ವವಿದ್ಯಾಲಯಗಳು ಲಕ್ಷಗಟ್ಟಲೆ ಶುಲ್ಕ ಪಡೆದು ಭೌತಶಾಸ್ತ್ರದ ಜೊತೆಗೆ ತತ್ತ್ವಶಾಸ್ತ್ರ, ಅರ್ಥಶಾಸ್ತ್ರದ ಜೊತೆಗೆ ಸಾಹಿತ್ಯ ಕಲಿಸುತ್ತಿವೆ. ಕಲಿಸಲಿ, ಒಳ್ಳೆಯದೇ. ಆದರೆ ಅದನ್ನು ಹೊಸದು ಎನ್ನಬೇಡಿ. ಬಕೆಟ್ಟು ಹೊತ್ತ ನನಗೆ ಅದು ಸರ್ಕಾರಿ ಕಾಲೇಜಿನ ಶುಲ್ಕದಲ್ಲಿ ಸಿಕ್ಕಿತ್ತು. ಇದೇ ಊರಿನ ಕೂಲಿಕಾರರ ಮಕ್ಕಳಿಗೂ ಅದು ಸಿಗಬೇಕು, ಮತ್ತು ಅದಕ್ಕೆ ಬೇಕಾದವರು ಈ ಸಭೆಯಲ್ಲಿಯೇ ಕೂತಿದ್ದಾರೆ.

ಮೊದಲ ಶನಿವಾರ ಮಾತಾಡುವವರು ವಾಣಿಜ್ಯ ವಿಭಾಗದ ಮೇಡಂ ಎಂದು ತಿಳಿಯಿತು. ನಮ್ಮ ಸಂತೆಯಲ್ಲಿ ಮೊದಲು ಬಳಕೆಯಲ್ಲಿದ್ದ ಅಳತೆಗಳನ್ನು ಕುರಿತು ಮಾತಾಡುತ್ತಾರಂತೆ. ಪಾವು, ಸೇರು ಸಿಕ್ಕಿವೆ, ಕೊಳಗ ಮಾತ್ರ ಎಲ್ಲಿಯೂ ಸಿಗಲಿಲ್ಲ, ಅದರಲ್ಲಿ ಎಷ್ಟು ಸೇರು ಹಿಡಿಯುತ್ತಿತ್ತು ಎಂಬ ವಿಷಯದಲ್ಲಿ ಹಿರಿಯರು ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಿದ್ದಾರೆ ಎಂದು ಚಹಾದ ವೇಳೆಯಲ್ಲಿ ಹೇಳಿದರು. ಮೇಡಂ, ನಮ್ಮ ಮನೆಯ ಅಟ್ಟದ ಮೇಲೆ ನಮ್ಮ ತಾತನ ಕಾಲದ ಕೊಳಗ ಒಂದು ಇದೆ. ಶನಿವಾರ ತರುತ್ತೇನೆ. ನೀವು ಸೇರು ತನ್ನಿ, ಜೊತೆಗೆ ಯಾರಾದರೂ ಒಂದು ಚೀಲ ರಾಗಿ ತರಲಿ, ಹುಡುಗರ ಎದುರಿಗೇ ಅಳೆದು ನೋಡೋಣ.