ಮಲ್ಲೇಶ್ವರದ ಹಿಂದಿನ ಗಲ್ಲಿ

ಬೆಳಿಗ್ಗೆ ಆರೂವರೆ, ಮಲ್ಲೇಶ್ವರದ ಎಂಟನೇ ಕ್ರಾಸ್. ಹೂವಿನವರು ಆಗಲೇ ಬುಟ್ಟಿ ಬಿಚ್ಚಿ ಕೂತಿದ್ದಾರೆ. ಈ ಅಮ್ಮ ಎರಡೂ ಕೈ ಚಾಚಿ ಸೇವಂತಿಗೆ ಮಾರು ಅಳೆಯುತ್ತಾರೆ, ಆಮೇಲೆ ಒಂದು ಗೇಣು ಜಾಸ್ತಿ ಬಿಟ್ಟು ಕತ್ತರಿಸುತ್ತಾರೆ. ನೋಡಿ, ಕೊಸರು ಕೇಳಬೇಕಾಗಿಯೇ ಇಲ್ಲ.

ಬೆಣ್ಣೆ ದೋಸೆ, ಸಂಪಿಗೆ ರಸ್ತೆ ಎಲ್ಲ ನೀವು ಸಾಕಷ್ಟು ನೋಡಿದ್ದೀರಿ. ಇವತ್ತು ಮನೆಗಳ ಹಿಂದೆ ಹೋಗೋಣ ಬನ್ನಿ.

ಎರಡು ಸಾಲು ಮನೆಗಳ ಬೆನ್ನ ನಡುವೆ ಈ ಸಣ್ಣ ದಾರಿ ಇದೆಯಲ್ವಾ, ಇದನ್ನೇ ಕನ್ಸರ್ವೆನ್ಸಿ ಅನ್ನುತ್ತಾರೆ. ಇದರ ಕತೆ ಪ್ಲೇಗಿನ ಜೊತೆ ಬೆಸೆದಿದೆ. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದಾಗ ಹಳೇ ಪೇಟೆಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು, ಗಾಳಿ ಬೆಳಕು ಕಮ್ಮಿ, ಇಲಿ ಸತ್ತು ಬಿದ್ದರೆ ಸಾಕು, ಜನ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಮೈಸೂರು ಸರ್ಕಾರ ಊರ ಹೊರಗೆ ಮೊದಲೇ ಯೋಜನೆ ಹಾಕಿದ್ದ ಮಲ್ಲೇಶ್ವರ, ಬಸವನಗುಡಿ ಅನ್ನೋ ಎರಡು ಹೊಸ ಬಡಾವಣೆ ಆ ಭಯದಲ್ಲೇ ಬೆಳೆದವು. ನೆಟ್ಟಗಿನ ರಸ್ತೆ, ಮನೆ ಸುತ್ತ ಜಾಗ, ಹಿಂದೆ ಈ ಗಲ್ಲಿ.

ಹೆಸರು ಮಾತ್ರ ಬಡಾವಣೆಗಿಂತ ಎಷ್ಟೋ ಹಳೆಯದು. ಕಾಡು ಮಲ್ಲೇಶ್ವರ ದೇವಸ್ಥಾನದ ಹತ್ತಿರದ ಬಂಡೆ ಮೇಲೆ 1669ರ ಶಾಸನವಿದೆ. ಶಿವಾಜಿಯ ಮಲತಮ್ಮ ಏಕೋಜಿ, ಮಲ್ಲಪುರದ (ಆಗ ಈ ಊರಿನ ಹೆಸರು ಅದು) ದೇವರಿಗೆ ಮೇದರನಿಂಗನಹಳ್ಳಿ ಅನ್ನೋ ಊರನ್ನು ದತ್ತಿ ಕೊಟ್ಟ ವಿಷಯ ಅದು. ಆಗ ನಿಜವಾಗಿಯೂ ಕಾಡೇ ಇದ್ದಿರಬೇಕು!

ಈಗ ಮತ್ತೆ ಗಲ್ಲಿಗೆ ಬರೋಣ. ಒಳಚರಂಡಿ ಇಲ್ಲದ ಕಾಲ. ಕಕ್ಕಸಿನ ಮಲ ತೆಗೆಯೋ ಪೌರಕಾರ್ಮಿಕರು ಮುಂಬಾಗಿಲಿಗೆ ಬರೋ ಹಾಗಿರಲಿಲ್ಲ, ಈ ಹಿಂದಿನ ದಾರಿಯಲ್ಲೇ ಬಂದು, ಬುಟ್ಟಿ ತುಂಬಿಕೊಂಡು, ಇಲ್ಲಿಂದಲೇ ಹೋಗಬೇಕಿತ್ತು. ಊರಿಗೆ ಆರೋಗ್ಯ ಬೇಕು ಅಂತ ಇಷ್ಟು ಚೆನ್ನಾಗಿ ಗೆರೆ ಎಳೆದವರು, ಆ ಆರೋಗ್ಯ ಕಾಯೋ ಜನರನ್ನು ಕಣ್ಣಿಗೆ ಬೀಳದ ಹಾಗೆ ಮಾಡಿದರು. ಹಳೇ ಮಲ್ಲೇಶ್ವರ ಎಷ್ಟು ಚೆಂದ ಇತ್ತು ಅಂತ ಕೇಳುವಾಗೆಲ್ಲ ನನಗೆ ಇದೇ ನೆನಪಾಗುತ್ತದೆ. ಆ ಚೆಂದದಲ್ಲಿ ಅವರ ದುಡಿಮೆ ಇದೆ, ಅವರ ಹೆಸರಿನ ಒಂದು ಅಡ್ಡರಸ್ತೆಯೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಈಗ ಕೆಲವು ಗಲ್ಲಿಗಳ ಗೋಡೆಗೆ ಚಿತ್ರ ಬರೆದಿದ್ದಾರೆ, ಕೆಲವು ಕಡೆ ಬೈಕ್ ನಿಲ್ಲಿಸುತ್ತಾರೆ. ಇಲ್ಲಿ ಸ್ವಲ್ಪ ಬಗ್ಗಿ ನೋಡಿ. ಕಾಂಪೌಂಡ್ ಗೋಡೆಯ ಬುಡದಲ್ಲಿ, ನೆಲಕ್ಕೆ ತಾಗಿದ ಹಾಗೆ, ಮೊಳದಗಲದ ಒಂದು ಚೌಕ ಕಾಣುತ್ತದೆ. ಇಟ್ಟಿಗೆ ಇಟ್ಟು ಮುಚ್ಚಿದ್ದಾರೆ, ಮೇಲೆ ಸಿಮೆಂಟು ಬಳಿದಿದ್ದಾರೆ. ಬುಟ್ಟಿ ಎಳೆಯುತ್ತಿದ್ದದ್ದು ಇಂಥ ಕಿಂಡಿಯಿಂದಲೇ.