ನೆರಳಿಗೆ ಬಿದ್ದ ಮೂಲೆಯಲ್ಲಿ ಗಿಡ ಬದಲಿಸುವುದು ಹೇಗೆ?

[ದೃಶ್ಯ: ಕಾಂಪೌಂಡಿನ ಮೂಲೆಯಲ್ಲಿ ಬಡಕಲಾದ ದಾಸವಾಳ, ಹಿಂದೆ ಪಕ್ಕದ ಮನೆಯ ಎತ್ತರದ ಗೋಡೆ]

ನಮಸ್ಕಾರ. ಬೆಂಗಳೂರಿನ ನಮ್ಮ ಮನೆಯ ಈ ಮೂಲೆಯಲ್ಲಿ ವರ್ಷಗಟ್ಟಲೆ ಪೂಜೆಗೆ ಹೂ ಕೊಟ್ಟ ದಾಸವಾಳವು, ದಕ್ಷಿಣದ ಖಾಲಿ ನಿವೇಶನದಲ್ಲಿ ಮೂರಂತಸ್ತಿನ ಮನೆ ಎದ್ದ ಮೇಲೆ ಮೊಗ್ಗು ಬಿಡುವುದನ್ನೇ ನಿಲ್ಲಿಸಿತು. ರೆಂಬೆಗಳು ಬೆಳಕನ್ನು ಅರಸುತ್ತ ಉದ್ದಕ್ಕೆ ಬಾಗಿದವು, ಚಿಗುರಿಗೆ ಹಿಟ್ಟು ತಿಗಣೆ ಮುತ್ತಿತು. ಗೊಬ್ಬರ ಹಾಕಿದೆವು, ಬೇವಿನ ಎಣ್ಣೆ ಸಿಂಪಡಿಸಿದೆವು. ಆದರೆ ಗಿಡ ಬೇಡುತ್ತಿದ್ದದ್ದು ಬಿಸಿಲನ್ನು. ದಾಸವಾಳ, ಗುಲಾಬಿ, ಮಲ್ಲಿಗೆಗಳು ಚೆನ್ನಾಗಿ ಹೂ ಬಿಡಲು ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೇಕು. ಅದೇ ಗುಂಡಿಗೆ ಹೊಸ ದಾಸವಾಳ ತಂದು ನೆಟ್ಟಿದ್ದರೂ ಅದಕ್ಕೂ ಇದೇ ಗತಿಯಾಗುತ್ತಿತ್ತು.

[ದೃಶ್ಯ: ಒಂದೇ ಮೂಲೆ, ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4]

ಆದ್ದರಿಂದ ನರ್ಸರಿಗೆ ಹೊರಡುವ ಮೊದಲು ಒಂದಿಡೀ ದಿನ ಗಂಟೆಗೊಮ್ಮೆ ಆ ಮೂಲೆಯ ಬಿಸಿಲನ್ನು ಗಮನಿಸಿ ಬರೆದಿಡಿ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ನಡುಹಗಲ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ಆ ಎರಡು ದಿನಗಳ ನಡುವಿನ ಅವಧಿಯಲ್ಲಿ ನೆತ್ತಿಯಿಂದ ತುಸು ಉತ್ತರಕ್ಕಿರುತ್ತಾನೆ. ಹಾಗಾಗಿ ಗೋಡೆಯ ಉತ್ತರ ಬದಿಯ ಮೂಲೆಗೆ ಜೂನ್‌ನಲ್ಲಿ ಬೀಳುವ ಬಿಸಿಲನ್ನು ನಂಬಿ ಗಿಡ ಆರಿಸಿದರೆ, ಡಿಸೆಂಬರಿನ ಉದ್ದನೆಯ ನೆರಳು ಅದನ್ನು ಸೊರಗಿಸುತ್ತದೆ.

[ದೃಶ್ಯ: ಗಿಡವನ್ನು ಅಗೆದು ತೆಗೆಯುವುದು, ಬೇರಿನ ಸಮೀಪ ನೋಟ]

ಹಳೆಯ ಗಿಡವನ್ನು ಕೀಳುವ ಮುನ್ನ, ತಿಗಣೆ ಇಲ್ಲದ, ಪೆನ್ಸಿಲ್ ದಪ್ಪದ ಐದಾರು ಕಡ್ಡಿಗಳನ್ನು ಗೇಣುದ್ದಕ್ಕೆ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಕಿತ್ತ ಬೇರನ್ನು ತೊಳೆದು ನೋಡಿ. ಅದರಲ್ಲಿ ಸಣ್ಣ ಸಣ್ಣ ಗಂಟುಗಳಿದ್ದರೆ ಮಣ್ಣಿನಲ್ಲಿ ಬೇರನ್ನು ಕಾಡುವ ಸೂಕ್ಷ್ಮ ಜಂತುಹುಳುಗಳಿವೆ ಎಂದರ್ಥ. ಅವುಗಳನ್ನು ಕೊಲ್ಲಲು ಬೇಸಿಗೆಯಲ್ಲಿ ಒದ್ದೆ ಮಣ್ಣಿಗೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಕಾಯಿಸುವ ಕ್ರಮವು ಬಿಸಿಲೇ ಬೀಳದ ಮೂಲೆಯಲ್ಲಿ ಫಲ ಕೊಡುವುದಿಲ್ಲ. ಆ ಮಣ್ಣನ್ನು ತಾರಸಿಗೆ ಒಯ್ದು ತೆಳ್ಳಗೆ ಹರಡಿ, ಏಪ್ರಿಲ್–ಮೇ ತಿಂಗಳಲ್ಲಿ ನಾಲ್ಕರಿಂದ ಆರು ವಾರ ಕಾಯಿಸಬೇಕು. ಗೋಡೆಯ ಬುಡದಲ್ಲಿ ಸಿಮೆಂಟಿನ ಚೂರುಗಳು ಸಿಕ್ಕೇ ಸಿಗುತ್ತವೆ. ಅವು ಮಣ್ಣನ್ನು ಕ್ಷಾರವಾಗಿಸುವುದರಿಂದ ಬೇರಿಗೆ ಕಬ್ಬಿಣಾಂಶ ದಕ್ಕದೆ, ನರಗಳು ಹಸಿರಾಗಿಯೇ ಉಳಿದು ಎಲೆ ಹಳದಿಯಾಗುತ್ತದೆ. ಒಂದೂವರೆ ಅಡಿ ಆಳದವರೆಗೆ ಚೂರುಗಳನ್ನೆಲ್ಲ ಆರಿಸಿ, ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿಯ ಜೊತೆಗೆ ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ.

[ದೃಶ್ಯ: ಹೊಸ ಗಿಡಗಳ ಜೋಡಣೆ]

ಗಿಡಗಳ ಆಯ್ಕೆಗೆ ಮಲೆನಾಡಿನ ಅಡಿಕೆ ತೋಟದ ನೆರಳನ್ನು ನೆನೆಯಿರಿ. ಅಲ್ಲಿ ಮರಕ್ಕೆ ಹಬ್ಬುವ ವೀಳ್ಯದ ಬಳ್ಳಿಯನ್ನು ಗೋಡೆಯ ಪಕ್ಕ ಒರಟು ಕಂಬಕ್ಕೆ ಹಬ್ಬಿಸಬಹುದು. ಅದಕ್ಕೆ ತೇವ ಬೇಕು, ಆದರೆ ನೀರು ನಿಂತರೆ ಬುಡ ಕೊಳೆಯುತ್ತದೆ. ನಡುವೆ ಚಕ್ರಮುನಿ ಮತ್ತು ಅರಿಶಿನ, ಅಂಚಿನಲ್ಲಿ ಒಂದೆಲಗ. ನೆರಳಿನಲ್ಲಿ ಅರಿಶಿನದ ಗೆಡ್ಡೆ ಸ್ವಲ್ಪ ಸಣ್ಣದಾದರೂ, ಕಡುಬು ಬೇಯಿಸಲು ಅಗಲವಾದ ಎಲೆಗಳಂತೂ ಸಿಗುತ್ತವೆ. ಚಳಿಗಾಲ ಕಳೆಯುವ ಹೊತ್ತಿಗೆ ಅದು ಒಣಗಿ ಜಾಗ ಬರಿದಾಗುತ್ತದೆ. ಆದ್ದರಿಂದ ಪಕ್ಕದಲ್ಲೇ ಜರಿಗಿಡ ಇರಲಿ. ಒಂದೆಲಗವು ಹರಡಿ ಎಲ್ಲ ಕಡೆ ಬೇರೂರುವುದರಿಂದ ಸುತ್ತ ಇಟ್ಟಿಗೆ ಹೂಳುವುದು ಒಳ್ಳೆಯದು. ಬಣ್ಣಕ್ಕೆಂದು ಮಾರುವ ಕ್ರೋಟನ್ ಇಂಥ ಮೂಲೆಗೆ ಬೇಡ, ಬೆಳಕು ಕಡಿಮೆಯಾದಂತೆ ಅದರ ಎಲೆಗಳು ಬರೀ ಹಸಿರಿಗೆ ತಿರುಗುತ್ತವೆ.

ನೆಡಲು ಜೂನ್ ಕೊನೆಯ ಆರಿದ್ರಾ ಮಳೆ ಸೂಕ್ತ ಕಾಲ. ನೆಟ್ಟ ಮೊದಲ ಎರಡು ವಾರಗಳಲ್ಲಿ, ಮಳೆ ಬಾರದ ದಿನ ಮಾತ್ರ ನೀರು ಕೊಡಿ.

[ದೃಶ್ಯ: ತಾರಸಿಯ ಕುಂಡ]

ಸುತ್ತಿಟ್ಟ ದಾಸವಾಳದ ಕಡ್ಡಿಗಳನ್ನು ಅಂದೇ ಕುಂಡದಲ್ಲಿ, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಊರಿ ನೆರಳಿನಲ್ಲಿಡಿ. ಸುಮಾರು ಆರು ವಾರಗಳಲ್ಲಿ ಬೇರು ಬಿಟ್ಟು ಚಿಗುರಿದವುಗಳನ್ನು ನಿಧಾನವಾಗಿ ಬಿಸಿಲಿಗೆ ಸರಿಸಿದರೆ, ಕೆಳಗೆ ಬಿಸಿಲು ಸಿಗದೆ ಸೋತ ಗಿಡವೇ ತಾರಸಿಯಲ್ಲಿ ಮತ್ತೆ ಪೂಜೆಗೆ ಹೂ ಕೊಡುತ್ತದೆ.