ಮಾಜಿ ಸೈನಿಕರ ಸಂಘಕ್ಕೆ ಒಂದು ಮೇಜು

(ಕೋಲಾರದಲ್ಲಿ ಮಾಜಿ ಸೈನಿಕರ ದಿನಾಚರಣೆಯಂದು ಮಾಡಿದ ಉಪನ್ಯಾಸ)

ಸಂಘದ ಅಧ್ಯಕ್ಷರೇ, ಪದಾಧಿಕಾರಿಗಳೇ, ಮೂರೂ ಪಡೆಗಳಲ್ಲಿ ದುಡಿದು ಬಂದ ಹಿರಿಯರೇ, ತಾಯಂದಿರೇ, ಕಾಲೇಜಿನಿಂದ ಬಂದಿರುವ ಎನ್‌ಸಿಸಿ ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ಜನವರಿ 14 ಅಂದರೆ ನಮ್ಮ ಕಡೆ ಎಳ್ಳು ಬೆಲ್ಲ, ಅವರೆಕಾಯಿ, ಸಂಜೆ ದನಗಳಿಗೆ ಕಿಚ್ಚು ಹಾಯಿಸುವ ಗಡಿಬಿಡಿ. 1953ರ ಇದೇ ದಿನ ಕೊಡಗಿನ ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾದರು. ಅದಕ್ಕೇ ಇದು ದೇಶಕ್ಕೆಲ್ಲ ಮಾಜಿ ಸೈನಿಕರ ದಿನ. ಹಬ್ಬದ ಮನೆ ಬಿಟ್ಟು ಬಂದಿದ್ದೀರಿ, ಸುತ್ತಿ ಬಳಸದೆ ಹೇಳುತ್ತೇನೆ. ನಾನು ಸೈನಿಕನಲ್ಲ. ಬ್ಯಾಂಕಿನ ಪಿಂಚಣಿ ಕೌಂಟರಿನಲ್ಲಿ ಕೂತು ನಿವೃತ್ತನಾದವನು. ನಿಮ್ಮ ಶೌರ್ಯದ ಬಗ್ಗೆ ಮಾತಾಡುವ ಯೋಗ್ಯತೆ ನನಗಿಲ್ಲ. ನಿಮ್ಮ ಕಾಗದಪತ್ರಗಳ ಪಾಡು ಮಾತ್ರ ಚೆನ್ನಾಗಿ ಗೊತ್ತು.

ಊರಿನವರಿಗೆ ನಿಮ್ಮ ಸಂಘ ನೆನಪಾಗುವುದು ಯಾವಾಗ? ಆಗಸ್ಟ್ 15, ಜನವರಿ 26, ಕಾರ್ಗಿಲ್ ವಿಜಯ ದಿವಸದ ಜುಲೈ 26. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಪೇಟವನ್ನು ಮಾತ್ರ ಕಾರ್ಯಕ್ರಮ ಮುಗಿದ ಮೇಲೆ ವಾಪಸ್ ಕೇಳುತ್ತಾರೆ, ಅದು ಬಾಡಿಗೆಯದು. ನೀವು ನಗುತ್ತಿದ್ದೀರಿ ಅಂದರೆ ನಿಮಗೂ ಆ ಅನುಭವ ಆಗಿದೆ.

ಸನ್ಮಾನ ಬೇಡ ಅಂತಲ್ಲ. ಆದರೆ ನಮ್ಮ ಹಿರಿಯರು ಅಲ್ಲಿಗೇ ನಿಲ್ಲಿಸಿರಲಿಲ್ಲ. ಕೋಲಾರ, ಮುಳಬಾಗಿಲು, ಚಿಂತಾಮಣಿ ಸೀಮೆ ಅಂದರೆ ಗಂಗರು, ಬಾಣರು, ನೊಳಂಬರು, ವೈದುಂಬರು ಎಂಬ ಅರಸು ಮನೆತನಗಳು ಬಡಿದಾಡಿಕೊಂಡ ನೆಲ. ಅದಕ್ಕೇ ಇಲ್ಲಿ ಊರೂರಿಗೂ ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಸ್ವರ್ಗ. ಇಷ್ಟನ್ನು ಎಲ್ಲರೂ ನೋಡುತ್ತಾರೆ. ಶಾಸನವಿರುವ ಕಲ್ಲುಗಳ ಅಕ್ಷರ ಓದಿದರೆ ಎಷ್ಟೋ ಕಡೆ ಇನ್ನೊಂದು ವಿಷಯ ಸಿಗುತ್ತದೆ: ಸತ್ತವನ ಮನೆಯವರಿಗೆ ಇಂಥ ಕೆರೆಯ ಕೆಳಗೆ ಇಷ್ಟು ಗದ್ದೆ ಬಿಟ್ಟಿದ್ದೇವೆ ಎಂಬ ದಾನದ ಮಾತು. ನೆತ್ತರುಗೊಡಗೆ ಅಂತ ಕರೆದರು ಅದನ್ನು. ಮನೆಯವರ ಅನ್ನಕ್ಕೆ ದಾರಿ ಮಾಡಿ, ಅದನ್ನು ಊರಿಗೆಲ್ಲ ಕಾಣುವ ಹಾಗೆ ಬರೆಸಿದರು. ಸತ್ತವನ ಹೆಂಡತಿ ಯಾವ ಕಚೇರಿಗೂ ಅಲೆಯಬೇಕಾಗಿರಲಿಲ್ಲ. ಕಾಗದ ಊರ ಮುಂದೆಯೇ ನಿಂತಿತ್ತು.

ಇವತ್ತಿನ ಸ್ಥಿತಿಗೆ ಬರೋಣ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕರಿ ಟ್ರಂಕ್ ಹೊತ್ತು ರೈಲು ಹತ್ತಿದ ಹುಡುಗ ಹದಿನೈದು ಹದಿನೇಳು ವರ್ಷ ಮುಗಿಸಿ ಬರುವಾಗ ಅವನಿಗೆ ಮೂವತ್ತೈದೋ ಮೂವತ್ತೇಳೋ. ಮಕ್ಕಳು ಇನ್ನೂ ಪ್ರೈಮರಿ ಶಾಲೆ. ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ. 10 ಮೀಸಲಿದೆ, ಅರ್ಜಿ ಹಾಕಿ ಕಾಯುವಷ್ಟರಲ್ಲಿ ಮನೆ ನಡೆಯಬೇಕಲ್ಲ, ನರಸಾಪುರ, ವೇಮಗಲ್ಲಿನ ಕಾರ್ಖಾನೆ ಗೇಟಿನಲ್ಲಿ ಸೆಕ್ಯೂರಿಟಿ ಸಮವಸ್ತ್ರ ಹಾಕಿ ನಿಲ್ಲುತ್ತಾರೆ. ನಮ್ಮ ಬ್ಯಾಂಕಿನ ಗನ್‌ಮ್ಯಾನ್ ಕೂಡ ಮಾಜಿ ಸೈನಿಕರೇ. ನನಗೆ ಸೇನೆಯ ಬಗ್ಗೆ ತಿಳಿದದ್ದೆಲ್ಲ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಅವರು ಹೇಳಿದ್ದು.

ಒಂದು ಫೈಲಿನ ವಿಷಯ ಹೇಳುತ್ತೇನೆ, ಹೆಸರು ಊರು ಬೇಡ. ಗಂಡ ಫಿರಂಗಿ ದಳದಲ್ಲಿದ್ದವರು, ಪಿಂಚಣಿಯಲ್ಲಿದ್ದಾಗ ತೀರಿಕೊಂಡರು. ಹೆಂಡತಿ ಕುಟುಂಬ ಪಿಂಚಣಿಗೆ ಬಂದರು. ಆಧಾರ್‌ನಲ್ಲಿ ಅವರು ಮುನಿರತ್ನಮ್ಮ. ಸೇನೆಯ ದಾಖಲೆಯಲ್ಲಿ ಬರೀ ರತ್ನಾ. ಮದುವೆಯಾದ ಹೊಸದರಲ್ಲಿ ಗಂಡ ಯೂನಿಟ್ಟಿನಲ್ಲಿ ಹೇಳಿದ್ದನ್ನು ಉತ್ತರದ ಕಡೆಯ ಗುಮಾಸ್ತ ಯಾರೋ ಹಾಗೆ ಬರೆದುಕೊಂಡಿದ್ದ. ಮುನಿ ಅಂತ ಹೆಸರಿನ ಮುಂದೆ ಇಲ್ಲದವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಸಿಗುತ್ತಾರೆ? ಆ ಗುಮಾಸ್ತನಿಗೆ ಅದು ಹೇಗೆ ಗೊತ್ತಾಗಬೇಕು. ಗಂಡ ಬದುಕಿದ್ದಾಗಲೇ ಸೈನಿಕನ ದಾಖಲೆ ತಿದ್ದುವ ಪಾರ್ಟ್ ಟೂ ಆರ್ಡರ್ ಎಂಬ ಆದೇಶ ಮಾಡಿಸಿ ಸರಿಪಡಿಸಬಹುದಿತ್ತು. ಈಗ ಕಂಪ್ಯೂಟರ್ ಒಪ್ಪಲಿಲ್ಲ. ಫಿರಂಗಿ ದಳದ ರೆಕಾರ್ಡ್ಸ್ ಇರುವುದು ನಾಸಿಕದಲ್ಲಿ. ಸಂಪರ್ಕ ದಳವಾದ ಸಿಗ್ನಲ್ಸ್‌ನವರದು ಜಬಲ್ಪುರ, ಯಂತ್ರ ರಿಪೇರಿಯ ಇಎಂಇ ದಳದವರದು ಸಿಕಂದರಾಬಾದ್, ಪಿಂಚಣಿ ಮಂಜೂರಾತಿ ಪತ್ರ ಹೊರಡುವುದು ಪ್ರಯಾಗರಾಜದಿಂದ. ನಮ್ಮ ಹೆಂಗಸರಿಗೆ ಪ್ರಯಾಗ ಅಂದರೆ ಗಂಗಾಸ್ನಾನ. ಅಲ್ಲಿಗೆ ಯಾವ ಭಾಷೆಯಲ್ಲಿ ಏನೆಂದು ಬರೆಯುತ್ತಾರೆ?

ಬರೆದವರು ಈ ಸಂಘದ ಒಬ್ಬ ಸದಸ್ಯರು. ಸೇನೆಯಲ್ಲಿ ಹವಾಲ್ದಾರ್ ಕ್ಲರ್ಕ್ ಆಗಿದ್ದವರು. ನಮ್ಮ ಕೌಂಟರಿನ ಪಕ್ಕದ ಬೆಂಚಿನ ಮೇಲೆ ಕೂತು ಆಯಮ್ಮನ ಚೀಲದಲ್ಲಿದ್ದದ್ದೆಲ್ಲ ಹೊರಗೆ ತೆಗೆಸಿದರು: ಡಿಸ್ಚಾರ್ಜ್ ಬುಕ್, ಪಿಪಿಒ ಅಂದರೆ ಆ ಪಿಂಚಣಿ ಮಂಜೂರಾತಿ ಪತ್ರ, ಪಡಿತರ ಚೀಟಿ, ಗಂಡ ಹೆಂಡತಿ ಜೋಡಿ ಫೋಟೊ, ಇವುಗಳ ನಡುವೆ ಎಲ್‌ಐಸಿ ರಸೀದಿ, ಹಾಲಿನ ಡೇರಿ ಪಾಸ್‌ಬುಕ್. ಬೇಕಾದ್ದು ಬೇರೆ, ಬೇಡವಾದ್ದು ಬೇರೆ ಮಾಡಿದರು. ಎರಡೂ ಹೆಸರು ಒಬ್ಬರದೇ ಅಂತ ಅಫಿಡವಿಟ್ ಮಾಡಿಸಿದರು. ಅರ್ಜಿಯ ತಲೆಯಲ್ಲಿ ಮೊದಲು ಸೈನಿಕ ಸಂಖ್ಯೆ, ಆಮೇಲೆ ರ‍್ಯಾಂಕ್, ಆಮೇಲೆ ಹೆಸರು. ಆ ಕಡೆ ಕೂತವನ ಕಣ್ಣು ಹುಡುಕುವುದು ಇದೇ ಕ್ರಮದಲ್ಲಿ. ಪ್ರತಿ ಹಾಳೆಯ ಮೂಲೆಗೆ ಅದೇ ಸಂಖ್ಯೆ, ಹಾಳೆ ಉದುರಿದರೂ ಫೈಲಿಗೆ ಸೇರಲಿ ಅಂತ. ಹಸಿರು ಟ್ಯಾಗ್ ಹಾಕಿ ಕಟ್ಟಿ, ರಿಜಿಸ್ಟರ್ಡ್ ಪೋಸ್ಟ್ ಚೀಟಿಯನ್ನು ಆಯಮ್ಮನ ಸೆರಗಿಗೇ ಕಟ್ಟಿಸಿ ಕಳಿಸಿದರು. ಪಿಂಚಣಿ ಬಂತು, ಬಾಕಿಯ ಸಮೇತ. ಪೋಸ್ಟ್ ಖರ್ಚು ಬಿಟ್ಟು ಆ ಮನುಷ್ಯ ಒಂದು ಕಾಫಿಯನ್ನೂ ಕುಡಿಯಲಿಲ್ಲ. ಇದೇ ಕೆಲಸಕ್ಕೆ ಸಾವಿರಗಟ್ಟಲೆ ಕೀಳುವ ಬ್ರೋಕರುಗಳು ಕಚೇರಿಗಳ ಸುತ್ತ ಇದ್ದಾರೆ, ನಿಮಗೆ ಗೊತ್ತಿರುವುದೇ.

ಈಗ ಸೇನಾ ಪಿಂಚಣಿಗೆ ಸ್ಪರ್ಶ್ ಎಂಬ ವ್ಯವಸ್ಥೆ ಬಂದಿದೆ, ಎಲ್ಲ ಆನ್‌ಲೈನ್. ಒಳ್ಳೆಯದೇ. ಆದರೆ ವರ್ಷಕ್ಕೊಮ್ಮೆ ಬದುಕಿದ್ದೇನೆಂದು ತೋರಿಸಲು ಹೆಬ್ಬೆಟ್ಟು ಒತ್ತಬೇಕು. ಟೊಮ್ಯಾಟೊ ತೋಟದಲ್ಲಿ ಕಡ್ಡಿ ಕಟ್ಟಿ ಕಟ್ಟಿ ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಮುಖ ತೋರಿಸಿ ಫೋನಿನಲ್ಲೇ ಮುಗಿಸುವ ಸೌಲಭ್ಯ ಇದೆ. ಅದನ್ನು ತೋರಿಸಿಕೊಡಲು ಒಬ್ಬ ಮನುಷ್ಯ ಬೇಕು, ಅಷ್ಟೆ.

ಪಿಂಚಣಿಯೇ ಇಲ್ಲದವರೂ ಇದ್ದಾರೆ. ಹದಿನೈದು ವರ್ಷ ತುಂಬುವ ಮೊದಲೇ ಬಿಟ್ಟು ಬಂದವರು, ಅವರ ವಿಧವೆಯರು. ಹವಾಲ್ದಾರ್ ದರ್ಜೆಯವರೆಗಿನ ಇಂಥವರಿಗೆ 65 ದಾಟಿದ್ದರೆ ಕೇಂದ್ರೀಯ ಸೈನಿಕ ಮಂಡಳಿಯಿಂದ ತಿಂಗಳಿಗೆ 4,000 ರೂಪಾಯಿ ಸಹಾಯ ಸಿಗುತ್ತಿತ್ತು. 2025ರ ನವೆಂಬರಿನಿಂದ ಅದು 8,000 ಆಗಿದೆ. ಮಕ್ಕಳ ಓದಿಗೆ ತಲಾ 1,000 ಇದ್ದದ್ದು 2,000, ಮಗಳ ಮದುವೆಗೆ 50,000 ಇದ್ದದ್ದು ಒಂದು ಲಕ್ಷ. ಅರ್ಜಿ ಹಾಕಿದವರಿಗೆ ಮಾತ್ರ. ಹಳ್ಳಿಯ ಮೂಲೆಯಲ್ಲಿ ಕುರಿ ಮೇಯಿಸಿಕೊಂಡಿರುವ ಎಪ್ಪತ್ತರ ಮುದುಕರಿಗೆ ಇದನ್ನು ಯಾರು ಹೇಳಬೇಕು? ಅವರು ಸಂಘದ ಸದಸ್ಯರೂ ಅಲ್ಲ, ಚಂದಾ ಕೊಟ್ಟಿಲ್ಲ. ಚಂದಾ ಪುಸ್ತಕ ನೋಡಿ ಸಹಾಯ ಮಾಡುವ ಸಂಘ ನಿಮ್ಮದಾಗದಿರಲಿ ಅಂತ ನೇರವಾಗಿಯೇ ಕೇಳಿಕೊಳ್ಳುತ್ತೇನೆ.

ಈ ದುಡ್ಡಿನ ಮೂಲ ಎಲ್ಲಿ ಅಂತ ಈ ಎನ್‌ಸಿಸಿ ಮಕ್ಕಳಿಗೂ ತಿಳಿದಿರಲಿ. 1949ರಿಂದ ಪ್ರತಿ ಡಿಸೆಂಬರ್ 7ಕ್ಕೆ ಧ್ವಜ ದಿನ. ಕೆಂಪು, ಕಡುನೀಲಿ, ತಿಳಿನೀಲಿ ಪಟ್ಟೆಯ ಪುಟ್ಟ ಧ್ವಜ ಶಾಲೆಯಲ್ಲಿ ಕೊಟ್ಟು ದುಡ್ಡು ತರಲು ಹೇಳುತ್ತಾರಲ್ಲ, ಅದೇ ನಿಧಿ. ಬ್ರಿಟನ್ನಿನಲ್ಲಿ 1921ರಲ್ಲಿ ಹುಟ್ಟಿದ ರಾಯಲ್ ಬ್ರಿಟಿಷ್ ಲೀಜನ್ ಎಂಬ ಮಾಜಿ ಸೈನಿಕರ ಸಂಸ್ಥೆ ಇದೆ. ನವೆಂಬರ್ ಬಂತೆಂದರೆ ಅದರ ಊರೂರಿನ ಶಾಖೆಯವರು ಅಂಗಡಿ ಬಾಗಿಲಲ್ಲಿ, ರೈಲು ನಿಲ್ದಾಣದಲ್ಲಿ ಡಬ್ಬಿ ಹಿಡಿದು ನಿಂತು ಕಾಗದದ ಕೆಂಪು ಗಸಗಸೆ ಹೂ ಕೊಡುತ್ತಾರೆ. ಮಾಜಿ ಸೈನಿಕರೇ ಖುದ್ದು ನಿಂತಿರುತ್ತಾರೆ, ಜನ ಮಾತಾಡಿಸಿ ಹೋಗುತ್ತಾರೆ. ನಮ್ಮಲ್ಲಿ ಧ್ವಜ ಬರುವುದು ಕಚೇರಿಯಿಂದ ಕಚೇರಿಗೆ, ಲಕೋಟೆಯಲ್ಲಿ. ಕೊಡುವವರಿಗೆ ಸೈನಿಕನ ಮುಖ ಕಾಣುವುದಿಲ್ಲ. ಮುಂದಿನ ಡಿಸೆಂಬರಿಗೆ ಎಪಿಎಂಸಿ ಟೊಮ್ಯಾಟೊ ಮಂಡಿಯ ಮುಂದೆ, ಸೈನಿಕ ಕಲ್ಯಾಣ ಇಲಾಖೆಯ ಅನುಮತಿ ಪಡೆದು, ಪದಕ ಧರಿಸಿ ನಾಲ್ಕು ಜನ ನಿಂತು ನೋಡಿ. ಹರಾಜು ಮುಗಿಸಿ ಬರುವ ರೈತ ಕೊಡದೆ ಹೋಗುತ್ತಾನೆಯೇ?

ಕೆರೆ ಏರಿಯ ಮೇಲೆ ಗಿಡ ನೆಡುವುದು, ರಕ್ತದಾನ, ಜಾತ್ರೆಯಲ್ಲಿ ಜನ ನಿಭಾಯಿಸುವುದು, ಇವೆಲ್ಲ ಮಾಡುತ್ತಿದ್ದೀರಿ, ಮಾಡಿ. 2018ರಲ್ಲಿ ಬೆಂಗಳೂರಿನಿಂದ ಶುದ್ಧೀಕರಿಸಿದ ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ಕೆರೆಗಳಿಗೆ ನೀರಿದೆ. ನೆಟ್ಟ ಗಿಡಕ್ಕೆ ಏಪ್ರಿಲ್‌ನಲ್ಲಿ ಎರಡು ಕೊಡ ಹಾಕುವವರು ಬೇಕು.

ಸ್ಟೇಡಿಯಮ್ಮಿನಲ್ಲಿ ಬೆಳಗಿನ ಜಾವ ಹುಡುಗರನ್ನು ಓಡಿಸುತ್ತೀರಲ್ಲ, ಅದರ ಬಗ್ಗೆ ಮಾತ್ರ ಇನ್ನೊಂದು ಮಾತಿದೆ. 1.6 ಕಿಲೋಮೀಟರ್ ಓಟ, ಒಂಬತ್ತು ಅಡಿ ಹಳ್ಳದ ಜಿಗಿತ, ಹತ್ತು ಪುಲ್‌ಅಪ್. ಒಳಗೆ ಹೋಗಲು ಬೇಕಾದದ್ದೆಲ್ಲ ಕಲಿಸುತ್ತಿದ್ದೀರಿ. ಆದರೆ 2022ರಲ್ಲಿ ಅಗ್ನಿಪಥ ನೇಮಕಾತಿ ಯೋಜನೆ ಬಂದ ಮೇಲೆ ಲೆಕ್ಕ ಬದಲಾಗಿದೆ. ಸೇವೆ ನಾಲ್ಕು ವರ್ಷ, ಉಳಿಸಿಕೊಳ್ಳುವುದು ನೂರಕ್ಕೆ ಇಪ್ಪತ್ತೈದರವರೆಗೆ. ಉಳಿದವರು ಸುಮಾರು 11.71 ಲಕ್ಷದ ಸೇವಾನಿಧಿ ಹಿಡಿದು ಊರಿಗೆ ಬರುತ್ತಾರೆ. ಪಿಂಚಣಿ ಇಲ್ಲ, ಯೋಜನೆಯ ನಿಯಮದಂತೆ ಮಾಜಿ ಸೈನಿಕ ಎಂಬ ಸ್ಥಾನವೂ ಇಲ್ಲ. 2023ರ ಮೊದಲಲ್ಲಿ ತರಬೇತಿಗೆ ಸೇರಿದ ಭೂಸೇನೆಯ ಮೊದಲ ತಂಡದ ನಾಲ್ಕು ವರ್ಷ ಮುಗಿಯುವ ಹೊತ್ತು ಹತ್ತಿರವಾಯಿತು. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ, ಕೈಯಲ್ಲಿ ಅಷ್ಟು ದುಡ್ಡು. ಸೈಟು, ಚೀಟಿ, ಸೆಕೆಂಡ್ ಹ್ಯಾಂಡ್ ಕಾರು ಅಂತ ಮೊದಲು ಅವನ ಮನೆ ಬಾಗಿಲಿಗೆ ಹೋಗುವವರು ಯಾರೆಂದು ಬ್ಯಾಂಕಿನವನಾದ ನನಗೆ ಚೆನ್ನಾಗಿ ಗೊತ್ತು. ಅವರಿಗಿಂತ ಮುಂಚೆ ನೀವು ಹೋಗಬೇಕು. ನಿಮ್ಮ ಬೈಲಾ ಪ್ರಕಾರ ಅವನು ಸದಸ್ಯನಾಗಲು ಬರುತ್ತದೋ ಇಲ್ಲವೋ ಅಂತ ಈಗಲೇ ಚರ್ಚೆ ಶುರುವಾಗಿದೆಯಂತೆ. ಸರ್ವಸದಸ್ಯರ ಸಭೆ ಕರೆದು ಬೈಲಾ ತಿದ್ದಿ, ಇದಕ್ಕೆ ಡೆಲ್ಲಿಯ ಅಪ್ಪಣೆ ಬೇಕಿಲ್ಲ.

ಊರಿನ ಮುಖಂಡರೂ ಇಲ್ಲಿದ್ದೀರಿ. ನಿಮ್ಮಿಂದ ಕೇಳುವುದು ದೊಡ್ಡದಲ್ಲ: ಬಸ್ ಇಳಿದು ನಡೆದು ಹೋಗುವಷ್ಟು ದೂರದಲ್ಲಿ ಒಂದು ಕೋಣೆ, ಒಂದು ಮೇಜು, ಕರೆಂಟು, ಇಂಟರ್ನೆಟ್ಟು. ವಾರಕ್ಕೆರಡು ದಿನ ಕೂರಲು ಆ ಹವಾಲ್ದಾರ್ ಸಾಹೇಬರು ಒಪ್ಪಿದ್ದಾರೆ, ಜೊತೆಗೆ ನಾನೂ ಕೂರುತ್ತೇನೆ. ಕೋಣೆ ಸಿಗುವವರೆಗೆ ಕಾಯುವುದು ಬೇಡ ಅಂತ ಇವತ್ತೇ ಹಿಂದಿನ ಸಾಲಿನ ಪಕ್ಕ ಒಂದು ಮೇಜು ಹಾಕಿಸಿದ್ದೇವೆ. ಕಾಗದ ತಂದಿರುವ ತಾಯಂದಿರು ಭಾಷಣಗಳು ಮುಗಿಯಲಿ ಅಂತ ಕಾಯಬೇಡಿ, ಈಗಲೇ ಬನ್ನಿ. ಪಿಪಿಒ ಮೇಲಿಟ್ಟುಕೊಂಡು ಬನ್ನಿ.